ಅಪ್ಪ ಓಡಿಸಿದ ಸೀನ್

2024ರ ದೀಪಾವಳಿಗೆ ಮೊದಲಿನ ಭಾನುವಾರ. ನೆಹರು ನಗರದ ನಮ್ಮ ಬಾಡಿಗೆ ಮನೆಯ ಡೈನಿಂಗ್ ಟೇಬಲ್ ಮೇಲೆ ಊಟದ ತಾಟು ಇಡೋಕೂ ಜಾಗ ಇರಲಿಲ್ಲ. ಒಂದು ಕಡೆ ಬೂಷ್ಟು ಒರೆಸಿ ಒಣಗಿಸಿದ ವಿಎಚ್‌ಎಸ್ ಕ್ಯಾಸೆಟ್. ಅದರ ಪಕ್ಕ ಎರಡು ಡಿಸ್ಕಿನ ವಿಸಿಡಿ ಸೆಟ್. ಲ್ಯಾಪ್‌ಟಾಪ್‌ನಲ್ಲಿ ಆನ್‌ಲೈನ್‌ನಲ್ಲಿ ಸಿಗೋ ಮೂರನೇ ಪ್ರತಿ. ಮೂರೂ ಒಂದೇ ಸಿನಿಮಾದ್ದು. ಇವಿಷ್ಟೂ ಸಾಲದು ಅಂತ ನಾನೊಂದು ಎಕ್ಸೆಲ್ ಶೀಟ್ ಬೇರೆ ತೆರೆದು ಕೂತಿದ್ದೆ. ಯಾವ ಸೀನ್ ಯಾವ ಪ್ರತಿಯಲ್ಲಿ ಎಷ್ಟು ಸೆಕೆಂಡ್ ಇದೆ ಅನ್ನೋ ಲೆಕ್ಕ.

ನನ್ನ ಹೆಂಡತಿ ಒಂದು ಕ್ಷಣ ನಿಂತು ನೋಡಿದಳು. "ವಾರ ಪೂರ್ತಿ ಆಫೀಸಿನ ಟೆಸ್ಟಿಂಗ್ ಸಾಲಲಿಲ್ಲೇನ್ರಿ?" ಅಂದವಳೇ ತಾಟುಗಳನ್ನ ಸೋಫಾ ಕಡೆ ಒಯ್ದಳು.

ಸಿನಿಮಾ ಯಾವುದು ಅಂತೀರಾ? 'ಅಂತ'. 1981ರದ್ದು. ಎಚ್.ಕೆ. ಅನಂತರಾವ್ ಅವರ ಕಾದಂಬರಿ, ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶನ, ಜಿ.ಕೆ. ವೆಂಕಟೇಶ್ ಸಂಗೀತ. ಅಂಬರೀಶ್‌ಗೆ ಎರಡು ಪಾತ್ರ. ಒಬ್ಬ ಇನ್‌ಸ್ಪೆಕ್ಟರ್ ಸುಶೀಲ್ ಕುಮಾರ್, ಇನ್ನೊಬ್ಬ ನೋಡೋಕೆ ಥೇಟ್ ಅವನಂತೆಯೇ ಇರೋ ಗ್ಯಾಂಗ್‌ಸ್ಟರ್ ಕನ್ವರ್ ಲಾಲ್. ನಮ್ಮ ವಯಸ್ಸಿನವರಿಗೆ ಸಿನಿಮಾ ನೋಡದಿದ್ದರೂ ಆ ಹೆಸರು ಗೊತ್ತು. ಕನ್ವರ್ ಅಂತಷ್ಟೇ ಕರೆದವನಿಗೆ 'ಲಾಲ್' ಸೇರಿಸಿ ಕರಿ ಅಂತ ಹಿಂದಿಯಲ್ಲಿ ಗದರೋ ಆ ಡೈಲಾಗನ್ನು ಕಾಲೇಜಿನ ಮಿಮಿಕ್ರಿ ಸ್ಪರ್ಧೆಗಳಲ್ಲಿ ಎಷ್ಟು ಸಲ ಕೇಳಿದ್ದೀವೋ ಲೆಕ್ಕವಿಲ್ಲ. ಅದೇ ವರ್ಷ ಬಾಬು ಅವರೇ ಇದನ್ನ ಹಿಂದಿಯಲ್ಲಿ ಜಿತೇಂದ್ರ ಹಾಕಿಕೊಂಡು 'ಮೇರಿ ಆವಾಜ್ ಸುನೋ' ಅಂತ ಮಾಡಿದರು.

ಕಥೆ ಗೊತ್ತಿಲ್ಲದವರಿಗೆ ಎರಡು ಸಾಲು. ಸುಶೀಲ್ ಕುಮಾರ್ ಕನ್ವರ್ ಲಾಲ್‌ನ ವೇಷದಲ್ಲಿ ಗ್ಯಾಂಗಿನ ಅಡ್ಡೆಯೊಳಗೆ ಹೋಗ್ತಾನೆ. ಅಲ್ಲಿಗೇ ಅವನ ಬಸುರಿ ಹೆಂಡತಿಯನ್ನ ಎತ್ತಿ ತರ್ತಾರೆ. ಆ ಪಾತ್ರ ಮಾಡಿದ್ದು ಲಕ್ಷ್ಮಿ. ಕಣ್ಣೆದುರಿಗೇ ಅವಳಿಗೆ ಹಿಂಸೆ ಕೊಡ್ತಿದ್ದರೂ 'ಇವಳು ನನ್ನ ಹೆಂಡತಿ' ಅಂತ ಅವನು ಹೇಳೋ ಹಾಗಿಲ್ಲ. ಹೇಳಿದರೆ ಬಂದ ಕೆಲಸ ಕೆಡುತ್ತೆ, ಇಬ್ಬರೂ ಉಳಿಯಲ್ಲ. ಇಡೀ ಸಿನಿಮಾ ನಿಂತಿರೋದು ಆ ಒಂದು ಸೀನ್ ಮೇಲೆ.

ತಮಾಷೆ ಏನಂದ್ರೆ, 'ಅಂತ' ಸಿನಿಮಾವನ್ನ ಇಪ್ಪತ್ತಕ್ಕಿಂತ ಹೆಚ್ಚು ಸಲ ನೋಡಿದ ನಾನು ಮೂವತ್ತು ದಾಟೋವರೆಗೆ ಆ ಸೀನನ್ನೇ ನೋಡಿರಲಿಲ್ಲ.

*

ನಮ್ಮೂರು ಖಾನಾಪುರ ತಾಲ್ಲೂಕಿನಲ್ಲಿ, ಬೀಡಿ ಹತ್ತಿರ. ಅಪ್ಪನಿಗೆ ಮೂರೆಕರೆ ಹೊಲ ಇತ್ತು, ಅದರ ಜೊತೆ 'ವಿಡಿಯೋ' ಇತ್ತು. ಒಂದು ಕಲರ್ ಟಿವಿ, ಒಂದು ವಿಸಿಪಿ, ಟ್ರಂಕಿನಲ್ಲಿ ಮೂವತ್ತು ಚಿಲ್ಲರೆ ಕ್ಯಾಸೆಟ್. ಮದುವೆ, ಜಾತ್ರೆ, ಗಣಪತಿ ಅಂದ್ರೆ ಜನ ಬಂದು ಬುಕ್ ಮಾಡೋರು. ಚಕ್ಕಡಿಯಲ್ಲಿ ಗೋಣಿಚೀಲ ಹಾಸಿ ಟಿವಿ ಇಟ್ಟು, ಅಲುಗಾಡದ ಹಾಗೆ ನಾನು ಹಿಡಿದುಕೊಂಡು ಕೂರ್ತಿದ್ದೆ. ಕರೆಂಟ್ ನಂಬೋ ಹಾಗಿರಲಿಲ್ಲ, ಹಾಗಾಗಿ ಜನರೇಟರ್ ಬೇರೆ ಬಾಡಿಗೆಗೆ.

ಖಾನಾಪುರ ಕಡೆ ಗೊತ್ತಲ್ಲ, ಒಂದು ಓಣಿ ಕನ್ನಡ, ಪಕ್ಕದ ಓಣಿ ಮರಾಠಿ. ಗಣಪತಿ ಹಬ್ಬದಲ್ಲಿ ರಾತ್ರಿಗೆ ಮೂರು ಪಿಕ್ಚರ್: ಒಂದು ಕನ್ನಡ, ಒಂದು ಮರಾಠಿ, ಒಂದು ಹಿಂದಿ. ಮರಾಠಿಗೆ 'ಅಶೀ ಹೀ ಬನವಾಬನವೀ' ಖಾಯಂ. ಕನ್ನಡಕ್ಕೆ 'ಅಂತ'. ಯಾಕಂದ್ರೆ ಕನ್ವರ್ ಲಾಲ್‌ನ ಹಿಂದಿ ಎರಡೂ ಓಣಿಗೆ ತಿಳೀತಿತ್ತು. ಅವನು ಬಾಯಿ ಬಿಟ್ಟರೆ ಸಾಕು, ಎರಡೂ ಕಡೆಯ ಹುಡುಗರು ಸಿಳ್ಳೆ ಹೊಡೆಯೋರು.

ರಿಮೋಟ್ ಮಾತ್ರ ಅಪ್ಪನ ಕೈಯಲ್ಲೇ. ಪ್ರತಿ ಸಲ ಗ್ಯಾಂಗಿನವರು ಸುಶೀಲ್ ಕುಮಾರನ ಮನೆಗೆ ಬರೋ ಹೊತ್ತಿಗೆ ಅಪ್ಪ ಫಾರ್ವರ್ಡ್ ಒತ್ತೋರು. ಪರದೆ ಮೇಲೆ ಬಿಳಿ ಗೆರೆಗಳು ಓಡೋವು, ಗೆರೆಗಳ ನಡುವೆ ಜನ ಕುಣಿದ ಹಾಗೆ ಕಾಣೋದು. ಸ್ವಲ್ಪ ಹೊತ್ತಿನ ಮೇಲೆ ಪ್ಲೇ. ಅಷ್ಟೊತ್ತಿಗೆ ಅಂಬರೀಶ್ ಮುಖ ಬದಲಾಗಿರೋದು.

"ಏ, ಯಾಕ ಓಡಸ್ತೀಯೋ ಮಾರಾಯಾ?" ಅಂತ ಹಿಂದಿನಿಂದ ಯಾರೋ ಕೂಗೋರು.

"ಅಲ್ಲಿ ಟೇಪ್ ಖರಾಬ್ ಆಗೇತ್ರಿ. ಹೆಡ್ ಹಾಳಾಕ್ಕೈತಿ" ಅಂತ ಅಪ್ಪ.

ಜನ ನಂಬಿದರು, ನಾನೂ ನಂಬಿದೆ. ಸಿನಿಮಾದಲ್ಲಿ ಆ ನಾಯಕನಿಗೆ ಒಮ್ಮೆಲೇ ಯಾಕಷ್ಟು ಸಿಟ್ಟು ಬರುತ್ತೆ ಅನ್ನೋದು ನಮ್ಮ ಸುತ್ತಲಿನ ಹತ್ತು ಹಳ್ಳಿಯ ಹುಡುಗರಿಗೆ ಸರಿಯಾಗಿ ಗೊತ್ತಿರಲಿಲ್ಲ. 'ಸೆನ್ಸಾರ್‌ನವರು ತೆಗೆದಾರ' ಅಂತ ಒಬ್ಬ, 'ಅಲ್ಲಿ ಹೆಂಡತಿ ಓಡಿ ಹೋಗ್ತಾಳ' ಅಂತ ಇನ್ನೊಬ್ಬ. ಒಟ್ಟಿನಲ್ಲಿ ನಮ್ಮ ಸೀಮೆಯಲ್ಲಿ 'ಅಂತ'ದ ಒಂದು ಪ್ರತ್ಯೇಕ ಆವೃತ್ತಿಯೇ ಚಾಲ್ತಿಯಲ್ಲಿತ್ತು. ಅದರ ಸಂಕಲನಕಾರ ನಮ್ಮಪ್ಪ.

*

2018ರ ನವೆಂಬರ್ 24ರಂದು ಅಂಬರೀಶ್ ತೀರಿಕೊಂಡರು. ನಾನಾಗ ಬೆಂಗಳೂರಲ್ಲಿದ್ದೆ. ಕಂಠೀರವ ಸ್ಟುಡಿಯೋದಲ್ಲಿ ಅಂತ್ಯಕ್ರಿಯೆ ನಡೆದ ದಿನ ರಾತ್ರಿ ಅಪ್ಪನ ಫೋನ್ ಬಂತು. ತಾವಾಗಿ ಫೋನ್ ಮಾಡೋ ಪೈಕಿ ಅಲ್ಲ ಅವರು.

"ತಮ್ಮಾ, ಆ 'ಅಂತ' ಪಿಕ್ಚರಿಂದು ಚೊಲೋ ಪ್ರಿಂಟ್ ಎಲ್ಯಾರ ಸಿಗತೈತೇನ ನೋಡು."

"ಟ್ರಂಕಿನ್ಯಾಗ ಕ್ಯಾಸೆಟ್ ಐತೆಲ್ಲಪ್ಪಾ?"

"ಅದರಾಗ ದನಿ ಸರಿ ಇಲ್ಲ" ಅಂದರು, ಇಟ್ಟುಬಿಟ್ಟರು.

ಅಲ್ಲಿಂದ ನನ್ನ ಹುಡುಕಾಟ ಶುರು. ಬೆಂಗಳೂರಿನ ಹಳೇ ಸಿಡಿ ಅಂಗಡಿಯೊಂದರಲ್ಲಿ ವಿಸಿಡಿ ಸಿಕ್ಕಿತು. ಹಬ್ಬಕ್ಕೆ ಊರಿಗೆ ಹೋದಾಗ ಟ್ರಂಕಿನಿಂದ ಕ್ಯಾಸೆಟ್ ತಂದೆ. ಕೊರೋನಾ ಬಂತು, ವರ್ಕ್ ಫ್ರಮ್ ಹೋಮ್ ಆಯ್ತು, ನಾವು ಬೆಳಗಾವಿಗೆ ಬಂದು ನೆಹರು ನಗರದಲ್ಲಿ ಮನೆ ಹಿಡಿದೆವು. ಅಪ್ಪ ಅವ್ವ ಇಬ್ಬರಿಗೂ ತಪಾಸಣೆಗೆ ಕೆಎಲ್‌ಇ ಆಸ್ಪತ್ರೆ ನಡೆದು ಹೋಗೋ ದೂರ ಅನ್ನೋದು ಒಂದು ಕಾರಣ. ಬೆಂಗಳೂರಿನ ಬಾಡಿಗೆ ಇನ್ನೊಂದು ಕಾರಣ.

ಈ ಪ್ರತಿಗಳನ್ನ ಹೋಲಿಸೋ ಹುಚ್ಚು ನನಗೊಬ್ಬನಿಗೇ ಅಂತ ತಿಳೀಬೇಡಿ. ಕುರೊಸಾವಾ ಅವರ 'ಹೈ ಆ್ಯಂಡ್ ಲೋ' ಅಂತ ಒಂದು ಸಿನಿಮಾ ಇದೆ, 1963ರದ್ದು. ಅಲ್ಲೂ ಅಪಹರಣದ್ದೇ ಕಥೆ: ಚಪ್ಪಲಿ ಕಂಪನಿಯ ದೊಡ್ಡ ಅಧಿಕಾರಿಯ ಮಗ ಅಂದುಕೊಂಡು ಅವನ ಡ್ರೈವರ್‌ನ ಮಗನನ್ನ ಎತ್ತಿಕೊಂಡು ಹೋಗ್ತಾರೆ. ಇಡೀ ಸಿನಿಮಾ ಕಪ್ಪು ಬಿಳುಪು. ನಡುವೆ ಒಂದೇ ಒಂದು ಕಡೆ ಚಿಮಣಿಯಿಂದ ಗುಲಾಬಿ ಬಣ್ಣದ ಹೊಗೆ ಏಳುತ್ತೆ. ಇಂಥ ಸಿನಿಮಾಗಳ ಡಿವಿಡಿ, ಬ್ಲೂ ರೇ ಬಂದಾಗಲೆಲ್ಲ ಪ್ರಪಂಚದ ಎಲ್ಲೆಲ್ಲಿಂದಲೋ ಜನ ಒಂದೊಂದೇ ಫ್ರೇಮ್ ಅಕ್ಕಪಕ್ಕ ಇಟ್ಟು ಕಪ್ಪು ಎಷ್ಟು ಕಪ್ಪಾಗಿದೆ, ಅಂಚು ಎಷ್ಟು ಕತ್ತರಿಸಿದಾರೆ ಅಂತ ಅಳೀತಾರೆ. ಅವರ ಹತ್ತಿರ ಅಳೆಯೋಕೆ ಒಳ್ಳೊಳ್ಳೆ ಪ್ರತಿಗಳಿವೆ. ನನ್ನ ಹತ್ತಿರ ಇದ್ದದ್ದು ಈ ಮೂರು.

*

ಮೊದಲು ಕ್ಯಾಸೆಟ್. ಓಎಲ್‌ಎಕ್ಸ್‌ನಲ್ಲಿ ಒಂದು ಹಳೇ ವಿಸಿಆರ್ ಹಿಡಿದು, ಕ್ಯಾಪ್ಚರ್ ಕಾರ್ಡ್ ಹಾಕಿ ಲ್ಯಾಪ್‌ಟಾಪ್‌ಗೆ ಇಳಿಸಿಕೊಂಡೆ. ಬಣ್ಣ ಸೋರಿ ಹೋಗಿತ್ತು. ಕೆಂಪು ಅಂಚು ದಾಟಿ ಪಕ್ಕಕ್ಕೆ ಹರಡಿಕೊಂಡಿತ್ತು. ಆದರೂ ಮೂರರಲ್ಲಿ ಸಿನಿಮಾ ಹೆಚ್ಚು ಪೂರ್ತಿಯಾಗಿದ್ದದ್ದು ಅದರಲ್ಲೇ. ಅಪ್ಪ ಓಡಿಸುತ್ತಿದ್ದ ಜಾಗ ಬಂದಾಗ ಮಾತ್ರ ಪರದೆ ತುಂಬ ಮಂಜು ಸುರಿದ ಹಾಗೆ ಬಿಳಿ ಚುಕ್ಕೆ.

ಇದಕ್ಕೊಂದು ತಾಂತ್ರಿಕ ಕಾರಣ ಇದೆ. ಚಿತ್ರ ಕಾಣಿಸುತ್ತಾ ಫಾರ್ವರ್ಡ್ ಮಾಡಿದಾಗ ಟೇಪು ತಿರುಗೋ ಹೆಡ್‌ಗೆ ಉಜ್ಜಿಕೊಂಡೇ ಓಡುತ್ತೆ. ನೂರಾರು ಸಲ ಅದೇ ಜಾಗದಲ್ಲಿ ಉಜ್ಜಿದರೆ ಮೇಲಿನ ಕಾಂತೀಯ ಲೇಪ ಸವೆಯುತ್ತೆ. ಅಂದ್ರೆ ಅಪ್ಪ ಮೊದಲು ಹೇಳಿದ್ದು ಸುಳ್ಳು. ಆ ಸುಳ್ಳು ಹೇಳುತ್ತಾ ಹೇಳುತ್ತಾ ಟೇಪು ಅಲ್ಲಿ ನಿಜವಾಗಿಯೂ ಖರಾಬ್ ಆಗಿತ್ತು.

ಎರಡನೇದು ವಿಸಿಡಿ. ಇದರ ಚಿತ್ರ 352 ಗುಣಿಸು 288 ಚುಕ್ಕೆ ಅಷ್ಟೇ, ಈಗಿನ ಫೋನಿನಲ್ಲಿ ಒಂದು ಸ್ಟಿಕ್ಕರ್ ಗಾತ್ರ. ಒಂದು ಡಿಸ್ಕ್‌ನಲ್ಲಿ 74ರಿಂದ 80 ನಿಮಿಷ ಹಿಡಿಯುತ್ತೆ. ಸಿನಿಮಾ ಅದಕ್ಕಿಂತ ಉದ್ದ ಇದ್ದರೆ ಎರಡನೇ ಡಿಸ್ಕ್, ಎರಡಕ್ಕೂ ಮೀರಿದರೆ ಮೂರನೇದು. ಮೂರನೇದರ ಖರ್ಚು ಬೇಡ ಅನಿಸಿದರೆ ಕತ್ತರಿ. ನನ್ನ ಸೆಟ್‌ನಲ್ಲಿ ಕತ್ತರಿ ಎಲ್ಲೆಲ್ಲಿ ಆಡಿದೆ ಅಂತ ಕ್ಯಾಸೆಟ್ ಪಕ್ಕ ಇಟ್ಟು ನೋಡಿದಾಗ ತಿಳೀತು. ಒಂದು ಹಾಡಿನ ಚರಣ, ಎರಡು ನಡೆದು ಬರೋ ಶಾಟ್, ಮತ್ತೆ ಅಡ್ಡೆಯ ಸೀನಿನ ಬಾಲ. ಹೆಂಡತಿಯನ್ನ ಒಳಗೆ ತರ್ತಾರೆ, ಗಕ್ಕನೆ ಮುಂದಿನ ಸೀನ್. ಯಾರೋ ಮಾತಿನ ನಡುವೆ ಫೋನ್ ಇಟ್ಟ ಹಾಗೆ. ಸಾಲದ್ದಕ್ಕೆ ಅಡ್ಡೆಯ ಕತ್ತಲೆಯೆಲ್ಲ ಚೌಕ ಚೌಕ. ವಿಸಿಡಿಯ ಕಡಿಮೆ ಬಿಟ್‌ರೇಟ್‌ಗೆ ಕತ್ತಲೆ ಅಂದ್ರೆ ಆಗಲ್ಲ.

ಮೂರನೇದು ಆನ್‌ಲೈನ್ ಪ್ರತಿ. ಚಿತ್ರ ಚೊಕ್ಕ, ಆ ಸೀನೂ ಇದೆ. ಆದರೆ ಅಗಲ ಟಿವಿಗೆ ತುಂಬಿಸೋಕೆ ಹೋಗಿ ಮೇಲೆ ಕೆಳಗೆ ಕೊಯ್ದಿದಾರೆ. ಕ್ಯಾಸೆಟ್‌ನಲ್ಲಿ ಪೂರ್ತಿ ಕಾಣೋ ಅಂಬರೀಶ್ ತಲೆಗೂದಲು ಇಲ್ಲಿ ಅರ್ಧ. ಮೂಲೆಯಲ್ಲಿ ಲೋಗೋ. ಚರ್ಮದ ಬಣ್ಣ ಇಟ್ಟಂಗಿ ಕೆಂಪು. ಆ ಕಾಲದ ಕಲರ್ ಫಿಲ್ಮ್‌ನಲ್ಲಿ ನೀಲಿ ಹಸಿರು ಕಡೆಯ ಬಣ್ಣ ಮೊದಲು ಮಾಸಿ ಕೆಂಪು ಉಳಿಯುತ್ತೆ. ಸ್ಕ್ಯಾನ್ ಮಾಡಿದ ಪ್ರಿಂಟಿಗೆ ಆಗಲೇ ವಯಸ್ಸಾಗಿತ್ತು ಅಂತ ಅರ್ಥ.

ಅಪ್ಪ ಸೋಫಾ ಮೇಲೆ ಕೂತು ಇದನ್ನೆಲ್ಲ ನೋಡ್ತಾ ಇದ್ದರು. ಹಿಂದಿನ ದಿನವಷ್ಟೇ ಕಿವಿ ಡಾಕ್ಟರ್ ಹತ್ತಿರ ಹೋಗಿ ಬಂದಿದ್ದೆವು. ಕೀರಲು ದನಿ ಕೇಳಿಸೋದು ಕಡಿಮೆ ಆಗಿದೆ, ಮಷೀನ್ ಹಾಕಿದರೆ ಒಳ್ಳೇದು ಅಂದಿದ್ದರು. ನಾನು ವಿಸಿಡಿ ಹಾಕಿ ಕನ್ವರ್ ಲಾಲ್‌ನ ಡೈಲಾಗ್ ಕೇಳಿಸಿದೆ.

"ಇದು ಅಂಬರೀಶನ ದನಿ ಅಲ್ಲೋ" ಅಂದರು ಅಪ್ಪ.

"ಅಪ್ಪಾ, ಅವರದ ಐತಿ. ನಿಮಗ ಕಿವಿ..."

"ಕಿವಿಗೇನ ಆಗೇತಿ? ದನಿ ಒಂದ ಮನಿ ಮ್ಯಾಲ ಏರೇತಿ. ಕ್ಯಾಸೆಟ್ನ್ಯಾಗೂ ಹಿಂಗ ಇತ್ತು. ಟೆಂಟಿನ್ಯಾಗ ಕೇಳಿದ್ದು ಬ್ಯಾರೆ. ಹಿಂಗ ಸಣ್ಣ ಇರಲಿಲ್ಲ, ದಪ್ಪ ಇತ್ತು."

ನಾನು ನಕ್ಕೆ. ನಲವತ್ತೆರಡು ವರ್ಷದ ಹಿಂದೆ ಟೆಂಟ್ ಟಾಕೀಸಿನ ಸ್ಪೀಕರಿನಲ್ಲಿ ಕೇಳಿದ ದನಿ ನೆನಪಿದೆಯಂತೆ! ವಯಸ್ಸಾದವರ ಜೊತೆ ವಾದ ಯಾಕೆ ಅಂತ ಸುಮ್ಮನಾದೆ. ನಾವು ಐಟಿಯವರಿಗೆ ಇದೊಂದು ಚಾಳಿ. ಬಳಸೋರು 'ಏನೋ ಸರಿ ಇಲ್ಲ' ಅಂದ್ರೆ, 'ನನ್ನ ಮಷೀನಿನಲ್ಲಿ ಸರಿ ಇದೆ' ಅಂತೀವಿ.

ಆಮೇಲೆ ಶೀಟ್ ನೋಡಿದಾಗ ಒಂದು ಅಂಕಿ ಕಣ್ಣಿಗೆ ಹೊಡೀತು. ಕತ್ತರಿ ಬೀಳದ ಸೀನ್‌ಗಳೂ ಕ್ಯಾಸೆಟ್, ವಿಸಿಡಿ ಎರಡರಲ್ಲೂ ಆನ್‌ಲೈನ್ ಪ್ರತಿಗಿಂತ ಚಿಕ್ಕದಿದ್ದವು. ಎಲ್ಲವೂ ಒಂದೇ ಪ್ರಮಾಣದಲ್ಲಿ. ಒಂದು ನಿಮಿಷದ ಸೀನ್ 57.6 ಸೆಕೆಂಡ್. ಐದು ನಿಮಿಷದ ಹಾಡಿಗೆ 12 ಸೆಕೆಂಡ್ ಕಡಿಮೆ. ಅಂದ್ರೆ ಸರಿಯಾಗಿ ನೂರಕ್ಕೆ ನಾಲ್ಕು.

ಆಗ ಹೊಳೀತು. ಥಿಯೇಟರಿನಲ್ಲಿ ಫಿಲ್ಮ್ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಅದು ಸೆಕೆಂಡಿಗೆ 25. ಫಿಲ್ಮನ್ನ ಕ್ಯಾಸೆಟ್‌ಗೆ ಇಳಿಸುವಾಗ ಸುಲಭದ ದಾರಿ ಅಂದ್ರೆ ಸಿನಿಮಾವನ್ನೇ ಸ್ವಲ್ಪ ಜೋರಾಗಿ ಓಡಿಸೋದು. ಕಣ್ಣಿಗೆ ಗೊತ್ತಾಗಲ್ಲ. ಎರಡೂವರೆ ಗಂಟೆಯ ಸಿನಿಮಾ ಆರು ನಿಮಿಷ ಮೊದಲೇ ಮುಗಿಯುತ್ತೆ, ಅಷ್ಟೇ. ಆದರೆ ದನಿಯೂ ಅದರ ಜೊತೆ ಏರುತ್ತೆ. ಎಷ್ಟು ಅಂದ್ರೆ ಹಾರ್ಮೋನಿಯಂನಲ್ಲಿ ಒಂದು ಮನೆಯ ಮುಕ್ಕಾಲು ಭಾಗದಷ್ಟು.

ಅಪ್ಪ ಊರಿನ ಭಜನೆ ಮೇಳದಲ್ಲಿ ಮೂವತ್ತು ವರ್ಷ ಪೆಟ್ಟಿಗೆ ಬಾರಿಸಿದವರು.

ನನ್ನ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಲಿನ ಕಮಾಂಡ್ ಕೊಟ್ಟು ಕ್ಯಾಸೆಟ್‌ನ ದನಿಯನ್ನ 24ಕ್ಕೆ ಇಳಿಸಿದೆ. ಯಾವುದು ಯಾವುದು ಅಂತ ಹೇಳದೆ, ಹಿಂದು ಮುಂದು ಮಾಡಿ ಹತ್ತು ಸಲ ಕೇಳಿಸಿದೆ. ಅಪ್ಪ ಕಣ್ಣು ಮುಚ್ಚಿ ಕೂತು, "ಇದು ಟೆಂಟಿಂದು", "ಇದು ಕ್ಯಾಸೆಟ್ಟಿಂದು" ಅಂತ ಹೇಳ್ತಾ ಹೋದರು. ಹತ್ತಕ್ಕೆ ಹತ್ತು.

"ಇಷ್ಟ ವರ್ಷ ಯಾಕ ಯಾರಿಗೂ ಹೇಳಲಿಲ್ರಿ?" ಅಂದೆ.

"ಹೇಳಿದ್ರ ಯಾರ ನಂಬತಿದ್ರು? ನೀನ ನಂಬಲಿಲ್ಲ" ಅಂದರು.

*

ಊಟ ಆಯ್ತು. ಅಪ್ಪನಿಗೆ ಖುಷಿ ಆಗಿತ್ತು. ಪೂರ್ತಿ ಪಿಕ್ಚರ್ ನೋಡೋಣ ಅಂದರು. ಆನ್‌ಲೈನ್ ಪ್ರತಿಯನ್ನೇ ಟಿವಿಗೆ ಹಾಕಿದೆ. ಅವ್ವ ಅಡಗಿಮನೆಯಲ್ಲಿ ನನ್ನ ಹೆಂಡತಿ ಜೊತೆ ಚಕ್ಕುಲಿ ಹಿಟ್ಟು ನಾದ್ತಾ ಇದ್ದಳು.

ಗ್ಯಾಂಗಿನವರು ಮನೆಗೆ ಬರೋ ಹೊತ್ತಾಯ್ತು. ಅಪ್ಪನ ಕೈ ಟೀಪಾಯಿ ಮೇಲಿದ್ದ ರಿಮೋಟಿನತ್ತ ಹೋಯ್ತು. ಯೋಚಿಸಿ ಚಾಚಿದ ಕೈ ಅಲ್ಲ ಅದು, ತಾನಾಗೇ ಹೋದದ್ದು. ಆದರೆ ಅದು ಹೊಸ ರಿಮೋಟು, ಅವರಿಗೆ ಬೇಕಾದ ಬಟನ್ ಅಲ್ಲಿರಲಿಲ್ಲ. ಕನ್ನಡಕ ಮೇಲೆ ಮಾಡಿ ಹುಡುಕ್ತಾ ಇದ್ದರು.

"ಇಲ್ಲಿ ಟೇಪ್ ಖರಾಬ್ ಆಗಿಲ್ರೀ ಅಪ್ಪಾ" ಅಂದೆ ತಮಾಷೆಗೆ.

ಅಪ್ಪ ನಗಲಿಲ್ಲ. "ಮುಂದಕ್ಕ ಹಾಕು. ನಿಮ್ಮವ್ವ ಒಳಗದಾಳ."

ನಾನು ನಿಲ್ಲಿಸಿದೆ. ಪರದೆ ಮೇಲೆ ಲಕ್ಷ್ಮಿಯ ಮುಖ ನಿಂತಿತು. ಯಾಕೆ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಅಪ್ಪ ಸಣ್ಣ ದನಿಯಲ್ಲಿ ಹೇಳಿದರು.

1982ರ ಬ್ಯಾಸಗಿ. ಸಿನಿಮಾ ಬಂದು ವರ್ಷದ ಮೇಲೆ ಜಾತ್ರೆಗೆ ಟೆಂಟ್ ಟಾಕೀಸಿನವರು 'ಅಂತ' ತಂದಿದ್ದರು. ಮದುವೆಯಾಗಿ ಎರಡು ವರ್ಷ, ಅವ್ವನಿಗೆ ನಾಲ್ಕು ತಿಂಗಳು. ಆಯಿ, ಅಂದ್ರೆ ಅಪ್ಪನ ಅವ್ವ, ಬೇಡ ಅಂದಳಂತೆ. ಅಪ್ಪ ಕೇಳಲಿಲ್ಲ. ಚಕ್ಕಡಿ ಕಟ್ಟಿಕೊಂಡು ಕರೆದೊಯ್ದರು. ಸಿನಿಮಾದಲ್ಲಿ ಬಸುರಿ ಹೆಂಗಸಿಗೆ ಹಂಗೆಲ್ಲ ಮಾಡ್ತಾರೆ ಅಂತ ಅಪ್ಪನಿಗೇನು ಗೊತ್ತು? ವಾಪಸ್ ಬರುವಾಗ ಅವ್ವ ದಾರಿ ತುಂಬ ಒಂದು ಮಾತೂ ಆಡಲಿಲ್ಲವಂತೆ. ಎರಡು ತಿಂಗಳ ಮೇಲೆ, ಮಳೆಗಾಲದಲ್ಲಿ, ಕೂಸು ಹೋಯ್ತು. ಆಯಿ ಎಲ್ಲರೆದುರು ಅಂದಳು: ಬಸುರೀನ ಅಂಥಾ ಪಿಕ್ಚರಿಗೆ ಕರಕೊಂಡು ಹೋದರೆ ಇನ್ನೇನಾಗತೈತಿ.

ನಾನು ಮೊದಲನೇ ಮಗ ಅಂತಲೇ ಈ ಮೂವತ್ತೇಳು ವರ್ಷ ತಿಳಿದಿದ್ದೆ.

"ಮತ್ಯಾಕ ಆ ಕ್ಯಾಸೆಟ್ ಇಟ್ಕೊಂಡ್ರಿ?" ಅಂದೆ.

"ಜನ ಅದನ್ನ ಕೇಳತಿದ್ರಲ್ಲೋ. ಹೊಟ್ಟಿಪಾಡು" ಅಂದರು. ಆಮೇಲೆ, "ಅಂಬರೀಶಂದು ಏನ ತಪ್ಪು, ಅಂವಾ ಚೊಲೋನ ಮಾಡ್ಯಾನ" ಅಂದರು.

ನಾವು ಸಣ್ಣ ದನಿಯಲ್ಲಿ ಮಾತಾಡಿದ್ದೀವಿ ಅಂದುಕೊಂಡಿದ್ದೆವು. ಕಿವಿ ಮಂದ ಆದವರ ಸಣ್ಣ ದನಿ ಎಷ್ಟು ದೊಡ್ಡದಿರುತ್ತೆ ನಿಮಗೆ ಗೊತ್ತಲ್ಲ. ಅವ್ವ ಹಿಟ್ಟಿನ ಕೈ ಹಾಗೇ ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಏನ್ ಮಾತಾಡಾಕತ್ತೀರಿ ಅಪ್ಪ ಮಗ? ಯಾವ ಪಿಕ್ಚರ್ ನೋಡಿ ಏನಾತು?"

ಅಪ್ಪ ತಲೆ ತಗ್ಗಿಸಿದರು.

"ನಾ ಆ ಪಿಕ್ಚರ್ ಎಲ್ಲಿ ನೋಡೇನ್ರಿ?" ಅಂದಳು ಅವ್ವ. "ನೀವು ಗಂಡಸರ ಕಡೆ ಕುಂತಿದ್ರಿ. ನಾ ಹೆಂಗಸರ ಕಡೆ. ನಾಕ ತಿಂಗಳ ಬಸುರಿ, ಮುಂಜಾನಿಂದ ಹೊಲದಾಗ ದುಡದಾಕಿ. ಬೆಳ್ಳಿ ಹೆಸರ ಮುಗಿಯೂದರಾಗ ನಿದ್ದಿ ಹತ್ತೇತಿ. ಸೆರಗ ಮುಚ್ಕೊಂಡು ಮಲಗೀನಿ. ಪಿಕ್ಚರ್ ಬಿಟ್ಟ ಮ್ಯಾಲ ಬಾಜೂಕಿನಾಕಿ ಎಬ್ಬಿಸಿದ್ಲು."

"ಚಕ್ಕಡ್ಯಾಗ ಮಾತಾಡಲಿಲ್ಲಲ್ಲ ನೀ?"

"ನಿದ್ದಿಗಣ್ಣಾಗ ಏನ ಮಾತಾಡ್ಲಿ?"

ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಹೆದ್ದಾರಿಯಲ್ಲಿ ಲಾರಿ ಹೋಗೋ ಸದ್ದಷ್ಟೇ.

"ಮೂರ ದಿನ ಜ್ವರ ಇತ್ತು" ಅಂದಳು ಅವ್ವ. ಈ ಸಲ ಅಪ್ಪನಿಗಲ್ಲ, ನನಗೆ ಹೇಳಿದ ಹಾಗೆ. "ಹಳ್ಳ ಬಂದಿತ್ತು. ಚಕ್ಕಡಿ ದಾಟಲಿಲ್ಲ. ಖಾನಾಪುರ ದವಾಖಾನಿ ಮುಟ್ಟೂದರಾಗ ಮರುದಿನ ಮಧ್ಯಾಹ್ನ ಆಗಿತ್ತು. ಹೆಣ್ಣ ಕೂಸು. ಪಿಕ್ಚರಿಂದ ಆಗಿದ್ದಲ್ಲ ಅದು, ಹಳ್ಳದಿಂದ ಆಗಿದ್ದು. ಅತ್ತಿ ಏನೇನೋ ಅಂತಿದ್ಲು. ನನ್ನ ಯಾರ ಕೇಳಿದ್ರು?"

ಖಾನಾಪುರದ ಮಳೆ ಗೊತ್ತಿದ್ದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಜುಲೈನಲ್ಲಿ ಹಳ್ಳ ಬಂದರೆ ಆ ಕಡೆಯವರು ಆ ಕಡೆ, ಈ ಕಡೆಯವರು ಈ ಕಡೆ. ಆಸ್ಪತ್ರೆ ಪಕ್ಕದಲ್ಲೇ ಮನೆ ಹಿಡಿದೆ ಅಂತ ನಾನು ಹೇಳಿದ ದಿನ ಅವ್ವ ಯಾಕೆ ಅಷ್ಟು ಸಮಾಧಾನಪಟ್ಟಳು ಅನ್ನೋದು ಆಗ ತಿಳೀತು.

ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದು ಕೂತರು. ಅವ್ವ ಕೈ ತೊಳೆದುಕೊಂಡು ಬಂದು ಅವರ ಪಕ್ಕ ಕೂತಳು. "ಹಾಕು ನೋಡೂಣು, ಏನೈತಿ ಅದರಾಗ" ಅಂದಳು ನನಗೆ.

ಹಾಕಿದೆ. ನಾನೂ ಆ ಸೀನನ್ನ ಅವರಿಬ್ಬರ ಜೊತೆ ಕೂತು ನೋಡಿದ್ದು ಅದೇ ಮೊದಲು. ಶೀಟಿಗಾಗಿ ಸೆಕೆಂಡ್ ಎಣಿಸುತ್ತಾ ನೋಡೋದು ಬೇರೆ, ಹೀಗೆ ನೋಡೋದು ಬೇರೆ. ಅವ್ವ ಕಣ್ಣು ಮಿಟುಕಿಸದೆ ನೋಡಿದಳು. ಅಪ್ಪ ಅರ್ಧಕ್ಕರ್ಧ ಅವ್ವನನ್ನೇ ನೋಡ್ತಿದ್ದರು. ಸೀನ್ ಮುಗಿದಾಗ ಅವ್ವ, "ಪಾಪ, ಆಕಿಗೆ ಅಷ್ಟ ಅಲ್ಲ, ಅವಗೂ ಹೇಳಾಕ ಬರದಂಗ ಆತಲ್ಲ" ಅಂದಳು. ಅಂದವಳೇ ಎದ್ದು ಚಕ್ಕುಲಿ ಕಡೆ ಹೋದಳು.

*

ಅವತ್ತು ರಾತ್ರಿ ಶೀಟ್ ಪೂರ್ತಿ ಮಾಡೋಣ ಅಂತ ಕೂತೆ. ಮೂರು ಕಾಲಂ ಇದ್ದವು. ಕ್ಯಾಸೆಟ್‌ನಲ್ಲಿ ಸೀನ್ ಇದೆ, ಆದರೆ ಕಾಣಲ್ಲ. ವಿಸಿಡಿಯಲ್ಲಿ ಅರ್ಧ ಇದೆ. ಆನ್‌ಲೈನ್‌ನಲ್ಲಿ ಪೂರ್ತಿ ಇದೆ, ಅಂಚು ಇಲ್ಲ. ಒಂದು ಸೀನನ್ನ ಪೂರ್ತಿ ನೋಡಬೇಕಾದರೆ ಒಂದರಿಂದ ಚಿತ್ರ, ಇನ್ನೊಂದರಿಂದ ಅಂಚು, ಮತ್ತೊಂದರಿಂದ ದನಿ ತಂದು ಹೊಲೀಬೇಕು. ಆಮೇಲೆ ಇನ್ನೆರಡು ಕಾಲಂ ನೆನಪಾದವು. ಅಪ್ಪನ ಟೆಂಟಿನ ಪ್ರತಿ: ಸೀನ್ ಇದೆ, ನಲವತ್ತೆರಡು ವರ್ಷ ಓಡುತ್ತಲೇ ಇದೆ. ಅವ್ವನ ಟೆಂಟಿನ ಪ್ರತಿ: ಸೀನ್ ಇಲ್ಲವೇ ಇಲ್ಲ. ಒಂದೇ ಟೆಂಟು, ಒಂದೇ ರಾತ್ರಿ, ಒಂದೇ ಪ್ರಿಂಟು.

ಅಪ್ಪನ ನೆನಪು ಎಷ್ಟು ನಿಖರ ಅಂದ್ರೆ ಒಂದು ಮನೆಯ ಮುಕ್ಕಾಲು ಭಾಗ ಏರಿದ ದನಿಯನ್ನ ಹಿಡಿದುಬಿಟ್ಟರು. ಪಕ್ಕದಲ್ಲಿ ಕೂತು ಬಂದ ಹೆಂಡತಿ ಏನು ನೋಡಿದಳು ಅನ್ನೋದು ಮಾತ್ರ ಅವರಿಗೆ ಗೊತ್ತಿರಲಿಲ್ಲ. ಕೇಳಿದ್ದರೆ ಒಂದು ನಿಮಿಷದಲ್ಲಿ ಮುಗೀತಿತ್ತು. ನಮ್ಮ ಮನೆಗಳಲ್ಲಿ ಇಂಥದ್ದನ್ನ ಕೇಳೋ ಪದ್ಧತಿಯೇ ಇಲ್ಲ. ಆ ಜಾಗ ಬಂದರೆ ಫಾರ್ವರ್ಡ್ ಮಾಡ್ತೀವಿ. ಕೇಳಿದವರಿಗೆ ಟೇಪ್ ಖರಾಬ್ ಆಗೇತಿ ಅಂತೀವಿ.

ಅದೇ ವರ್ಷ ಗಿರೀಶ ಕಾಸರವಳ್ಳಿ ಅವರ 1977ರ 'ಘಟಶ್ರಾದ್ಧ' ಜೀರ್ಣೋದ್ಧಾರಗೊಂಡು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ಓದಿ ನಿಜಕ್ಕೂ ಹೆಮ್ಮೆ ಅನಿಸಿತು. ಪುಣೆಯಲ್ಲಿ 1964ರಿಂದ ರಾಷ್ಟ್ರೀಯ ಫಿಲ್ಮ್ ಆರ್ಕೈವ್ ಇದೆ, ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನಂಥವರು ದುಡೀತಿದ್ದಾರೆ. ಒಳ್ಳೇ ಸಿನಿಮಾಗಳಿಗೆ ಅಂಥ ಭಾಗ್ಯ ಸಿಗಲೇಬೇಕು. ಆದರೆ ಗಣಪತಿ ಪೆಂಡಾಲಿನಲ್ಲಿ ನಡುರಾತ್ರಿ ಎರಡು ಓಣಿಯ ಜನ ಒಟ್ಟಿಗೆ ಸಿಳ್ಳೆ ಹೊಡೆದ ಸಿನಿಮಾಗಳೂ ಇವೆಯಲ್ಲ? ಅವು ಈಗ ಉಳಿದಿರೋದು ಹೆಚ್ಚಾಗಿ ಟ್ರಂಕಿನಲ್ಲಿ, ಕತ್ತರಿ ಬಿದ್ದ ಡಿಸ್ಕಿನಲ್ಲಿ, ಅಪ್ಪನಂಥವರ ಕಿವಿಯಲ್ಲಿ. ನಿಮ್ಮ ಮನೆಯ ಅಟ್ಟದ ಮೇಲೆ ಕ್ಯಾಸೆಟ್ ಇದ್ದರೆ ಒಮ್ಮೆ ಕೆಳಗಿಳಿಸಿ. ಟೇಪು ಎಲ್ಲಿ ಸವೆದಿದೆ ನೋಡಿ. ಯಾಕೆ ಅಂತ ಮನೆಯಲ್ಲಿರೋ ಹಿರಿಯರನ್ನ ಕೇಳಿ. ಅವರು ಇರುವಾಗಲೇ ಕೇಳಿ.

ದೀಪಾವಳಿ ಮುಗಿಸಿ ಅಪ್ಪ ಅವ್ವ ಊರಿಗೆ ಹೊರಟರು. ಖಾನಾಪುರ ಬಸ್ಸಿಗೆ ಹತ್ತಿಸೋಕೆ ನಾನು ಹೋಗಿದ್ದೆ. ಕಿಟಕಿ ಪಕ್ಕ ಅವ್ವ, ಆಮೇಲೆ ಅಪ್ಪ. ಬಸ್ಸು ಹೊರಡೋ ಮುಂಚೆ ಅಪ್ಪ ಅವ್ವನ ಮೇಲಿಂದ ಬಗ್ಗಿ ಹೇಳಿದರು:

"ತಮ್ಮಾ, ದನಿ ಸರಿ ಮಾಡಿದಿಯಲ್ಲ, ಅದನ್ನ ಪೆನ್‌ಡ್ರೈವ್‌ನ್ಯಾಗ ಹಾಕಿ ಇಡು. ಮುಂದಿನ ಸಲ ಒಯ್ತೀನಿ."

"ಪೂರ್ತಿ ಹಾಕ್ಲೇನ್ರಿ?"

ಅಪ್ಪ ಅವ್ವನ ಕಡೆ ನೋಡಿದರು. ಅವ್ವ ಆಗಲೇ ಸೆರಗು ಮುಖಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿದ್ದಳು.

"ಹೂಂ, ಪೂರ್ತಿ" ಅಂದರು.